ಮೂರನೇ ಕೋಟು

ಗುರುವಾರ ಬೆಳಗ್ಗೆ ಹನೋಕ್ ಸಾಹೇಬರು ಹೇಳಿ ಕಳಿಸಿದರು.
ಊರ್ಗಾಂ ಲೈನಿನ ಕೊನೆಗೆ, ಸೈನೈಡ್ ದಿಬ್ಬದ ಮಗ್ಗುಲಲ್ಲಿ
ತಗಡು ಮಾಡಿನ ಒಂದೇ ಕೋಣೆ: ಅವರ ಪ್ರಾರ್ಥನೆ ಮನೆ.
ನಮ್ಮಪ್ಪನ ಕಾಲದಿಂದ ಅಲ್ಲಿಗೆ ಸುಣ್ಣ ನಮ್ಮದೇ.
ಒಳಗೆ ವಿಗ್ರಹವಿಲ್ಲ, ಪಟವಿಲ್ಲ,
ಒಂದು ಬೀರು, ಅದಕ್ಕೊಂದು ಮಖಮಲ್ ಪರದೆ.
ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ,
ದೇವರು ಆ ಕಡೆ ಸ್ನಾನ ಮಾಡುತ್ತಿದ್ದಾನೆ.

ಗೋಡೆ ತುಂಬ ಡಾಂಬರು.
ಆಳೆತ್ತರದ ಅಕ್ಷರ, ಒತ್ತು ಬಿಟ್ಟುಹೋದ ಕನ್ನಡ:
ನಿಮ್ಮ ದೇಶಕೆ ಹೋಗಿ.
ಕೆಳಗೆ ಇನ್ನೊಂದು ಮಾತಿತ್ತು, ಅದನ್ನು ಆಡಲಾರೆ.
ಬಾಗಿಲ ಚೌಕಟ್ಟಿನ ಬಲಕ್ಕೆ ಓರೆಯಾಗಿ ಕೂತಿದ್ದ
ಬೆರಳುದ್ದದ ಹಿತ್ತಾಳೆ ಗೂಡನ್ನೂ ಕಿತ್ತೊಯ್ದಿದ್ದರು.
ಉಳಿದದ್ದು ಎರಡು ಮೊಳೆ ತೂತು,
ಬಿಸಿಲು ಕಾಣದ ಮರದ ಬಿಳಿಚು ಪಟ್ಟಿ.

ಒಂದು ಕೋಟು ಹೊಡೆದೆ. ಅಕ್ಷರ ಮೇಲೆದ್ದವು.
ಎರಡನೇದು ಹೊಡೆದೆ. ಒಣಗುತ್ತಲೇ ಬೂದಿ ಬಣ್ಣದಲ್ಲಿ ಮತ್ತೆ ಎದ್ದವು,
ಒತ್ತು ಇಲ್ಲದೆಯೇ.
ಸಾಹೇಬರು ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿದ್ದರು.
"ಪಿಳ್ಳಪ್ಪ, ನಮ್ಮಪ್ಪ ಕೊಂಕಣದಿಂದ ಬಂದವನು ನಿಜ.
ಬಂದು, ಈ ನೆಲದೊಳಗೆ ಎಂಟು ಸಾವಿರ ಅಡಿ ಇಳಿದ.
ಇನ್ನೂ ಎಷ್ಟು ಇಳಿಯಬೇಕಿತ್ತಂತೆ?"
ಬ್ರಷ್ಷು ಬಕೆಟ್ಟಿನಲ್ಲಿ ಅದ್ದಿಕೊಂಡೇ ನಿಂತೆ.
ಗಾಳಿ ಎದ್ದು ದಿಬ್ಬದ ಬಿಳಿ ಧೂಳು
ಹಸಿ ಸುಣ್ಣಕ್ಕೆ ಮೆತ್ತಿಕೊಂಡಿತು.

ಶುಕ್ರವಾರ ಸಂಜೆ ಸಿಪೋರಾಬಾಯಿ
ಗಾಜಿನ ಲೋಟಕ್ಕೆ ನೀರು, ನೀರಿನ ಮೇಲೆ ಎಣ್ಣೆ,
ಎಣ್ಣೆಯ ಮೇಲೆ ಬತ್ತಿ ತೇಲಿಬಿಟ್ಟು ದೀಪ ಹಚ್ಚಲು ನಿಂತರು.
ಹತ್ತು ಗಂಡಸರು ಸೇರದೆ ಅವರ ಕೆಲವು ಮಂತ್ರ ನಡೆಯುವುದಿಲ್ಲ.
ಎಣಿಸಿದರು. ಒಂಬತ್ತು.
"ನಾನು ನಿಲ್ಲಲಾ ಸಾಹೇಬರೇ?"
"ನೀನು ಲೆಕ್ಕಕ್ಕೆ ಬರಲ್ಲ ಪಿಳ್ಳಪ್ಪ," ಅಂದರು.
ತುಸು ಹೊತ್ತಾದ ಮೇಲೆ,
"ಆದರೆ ಹೋಗಬೇಡ."

ಸೂರ್ಯ ದಿಬ್ಬದ ನೆತ್ತಿಗೆ ತಾಗಿದ್ದಾಗ
ಬಂಗಾರಪೇಟೆ ದಾರಿಯಿಂದ ಒಂದು ಸೈಕಲ್ಲು.
ಎಲಿಯಾಜರ್ ಚೆವುಲ್ಕರ್, ತೂಕದ ಮನೆಯಲ್ಲಿ ಕೆಲಸವಿದ್ದವನು,
ತಂಗಿಯ ಮದುವೆಯ ಒಂದು ತಾಮ್ರದ ಹಂಡೆಗೆ
ಹನೋಕ್ ಸಾಹೇಬರೊಡನೆ ಮಾತು ಬಿಟ್ಟು ಹನ್ನೊಂದು ವರ್ಷ.
ಗೋಡೆ ಕಡೆ ನೋಡಲಿಲ್ಲ. ಯಾರನ್ನೂ ಮಾತಾಡಿಸಲಿಲ್ಲ.
ಬಾಗಿಲಲ್ಲಿ ನಿಂತು, ಬಲಗೈ ಎತ್ತಿ,
ಆ ಬಿಳಿಚು ಪಟ್ಟಿಯನ್ನು ಮುಟ್ಟಿ,
ಬೆರಳನ್ನು ತುಟಿಗೊತ್ತಿಕೊಂಡ.
ಬೆಳಗಿನಿಂದ ಅಲ್ಲಿ ತಲೆ ತಗ್ಗಿಸಿ ನುಸುಳುತ್ತಿದ್ದ ಒಂಬತ್ತು ಜನ
ಹೊರಗೆ ಬಂದು, ಮುಟ್ಟಿಕೊಂಡು, ಮತ್ತೆ ಒಳಗೆ ಹೋದರು.

ಬಾಗಿಲು ಹಾಕಲಿಲ್ಲ.
ಅವರ ಮಂತ್ರ ಶುರುವಾಗುವುದೇ 'ಕೇಳು' ಅಂತಂತೆ,
ಕಣ್ಣಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರೆ.
ನಾನು ಜಗಲಿಯಲ್ಲಿ ಕೂತು ಕೇಳಿದೆ.
ನಡುವೆ ತಗಡಿನ ಮೇಲೆ ಕಲ್ಲೊಂದು ಬಿತ್ತು.
ಗಣಿಯ ಜನ, ಒಳಗೆ ಬಂಡೆ ಸಿಡಿದರೆ
ಸದ್ದು ಪೂರ್ತಿ ಮುಗಿಯುವ ತನಕ ಕಾಯುವುದು ಗೊತ್ತು.
ಕಲ್ಲು ಉರುಳಿ ಉರುಳಿ ನನ್ನ ಬಕೆಟ್ಟಿನ ಪಕ್ಕ ನೆಲ ಸೇರಿತು.
ಅವರು ಬಿಟ್ಟ ಪದದಿಂದಲೇ ಮತ್ತೆ ಹಿಡಿದರು.
ಎಲಿಯಾಜರ್ ಒಂದು ಮೂಲೆ, ಸಾಹೇಬರು ಇನ್ನೊಂದು ಮೂಲೆ.
ಹಂಡೆಯ ವಿಷಯ ಆಮೇಲೂ ಬಗೆಹರಿಯಲಿಲ್ಲ.

ಶನಿವಾರ ಮೂರು ಚುಕ್ಕಿ ಮೂಡಿದ ಮೇಲೆ
ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಬೆರೆಸಿ
ಯಾವುದೋ ಹಳೇ ಪ್ರವಾದಿಯ ಹೆಸರು ಹೇಳಿ ಹಾಡಿದರು.
ಸಿಪೋರಾಬಾಯಿ ತಟ್ಟೆಗಳನ್ನು ಲೈನಿನ ಮನೆಮನೆಗೂ ಹೊತ್ತರು.
ನಾನು ಲಾಟೀನು ಹಿಡಿದಿದ್ದೆ.
ನಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ಹುಡುಗ,
ಮೀಸೆ ಇನ್ನೂ ಚಿಗುರುತ್ತಿದ್ದವನು, ಕೈ ಚಾಚಿದ.
ಲಾಟೀನಿನ ಬೆಳಕಿಗೆ ಉಗುರುಗಳ ಸಂದು ಕಪ್ಪಗೆ.
ನನ್ನ ಕೈ ಅಲುಗಿತು, ಬೆಳಕೂ ಅಲುಗಿತು.
ಆಯಮ್ಮ ತಟ್ಟೆ ಕೊಟ್ಟರು. ತಿರುಗಿ ಎರಡು ಹೆಜ್ಜೆ ಇಟ್ಟು,
"ಸೀಮೆಎಣ್ಣೆ ಹಾಕಿ ಉಜ್ಜಪ್ಪ, ಹೋಗುತ್ತೆ."
ತಿಂದನೋ ಇಲ್ಲವೋ ನನಗೆ ಗೊತ್ತಿಲ್ಲ.
ತಟ್ಟೆ ಮಾತ್ರ ತೊಳೆದು, ಬೆಳಗಾಗುವ ಮೊದಲೇ
ಜಗಲಿ ಮೇಲೆ ಬೋರಲು ಹಾಕಿದ್ದರು ಯಾರೋ.

ಭಾನುವಾರ ಮೂರನೇ ಕೋಟು.
ಮಟಮಟ ಮಧ್ಯಾಹ್ನದ ಬಿಸಿಲಿಗೆ
ಆ ಅಕ್ಷರ ಈಗಲೂ ನನಗೆ ಕಾಣುತ್ತವೆ, ಹೊಡೆದವನಲ್ಲವೇ.
ಚೌಕಟ್ಟಿಗೆ ಹಸಿರು ಬಣ್ಣ ಬಳಿಯಲು ಹೇಳಿದರು.
ಹೊಸ ಹಿತ್ತಾಳೆ ಬೊಂಬಾಯಿಯಿಂದ ಬರಬೇಕಿತ್ತು.
ಬಳಿಯುತ್ತಾ ಬಂದು, ಬೆರಳುದ್ದದ ಆ ಪಟ್ಟಿಯನ್ನು ಬಿಟ್ಟು,
ಸುತ್ತಲೂ ಬಳಿದೆ.